ದಂಡಿನ ದಿಬ್ಬದ ಮಂಗಲಾ

ಮಂಗಲಾ ಅಂಬಿಗ ದಂಡಿನ ದಿಬ್ಬದ ಕಾವಲಿಗೆ ಸೇರುವ ಮೊದಲು ಆ ಕೆಲಸವನ್ನು ಮೂವರು ಗಂಡಸರು ಬಿಟ್ಟುಹೋಗಿದ್ದರು. ಗೋರಿಯ ಮೇಲೆ ಯಾರೋ ಕೂತು ಬೂಟು ಒರೆಸಿಕೊಳ್ಳುತ್ತಿದ್ದರು ಎಂದು ಮೊದಲನೆಯವನು ಹೇಳಿದ. ಎರಡನೆಯವನಿಗೆ ಕೆಮ್ಮು ಕೇಳಿಸಿತಂತೆ, ಅದೂ ಇಂಗ್ಲಿಷ್ ಕೆಮ್ಮು. ಮೂರನೆಯವನು ಸೈನ್ಯದಿಂದ ನಿವೃತ್ತನಾಗಿ ಬಂದವನು, ಗಡಿಯ ಹಿಮದಲ್ಲಿ ನಿಂತವನು. ತಾನು ಏನು ಕಂಡೆನೆಂದು ಅವನು ಹೇಳಲೇ ಇಲ್ಲ. ಟಾರ್ಚು, ಸೀಟಿ ಎರಡನ್ನೂ ಗೇಟಿಗೆ ಕಟ್ಟಿ ಊರಿಗೆ ಹೋಗಿಬಿಟ್ಟ.

ದಿಬ್ಬ ಇರುವುದು ಹೊನ್ನಾವರದಿಂದ ಕುಮಟೆಗೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ. ಕಂಪನಿ ಸರಕಾರದ ಕಾಲದಲ್ಲಿ ಅಲ್ಲಿ ಒಂದು ದಂಡು ಬೀಡುಬಿಟ್ಟಿತ್ತು ಎನ್ನುತ್ತಾರೆ. ದಂಡು ಹೋಯಿತು, ಹೋಗಲಾಗದವರು ಅಲ್ಲೇ ಉಳಿದರು. ಗೇರುಮರಗಳ ನಡುವೆ ಅವರ ಗೋರಿಗಳು ಈಗಲೂ ಇವೆ, ಕೆಲವು ಕುಸಿದು, ಕೆಲವು ಅರ್ಧ ಮಣ್ಣಲ್ಲಿ ಹೂತು. ಅದರಲ್ಲಿ ಒಂದು ಮಾತ್ರ ದೊಡ್ಡದು. ಚಿರೆಕಲ್ಲಿನ ಕಟ್ಟೆ, ಮೇಲೆ ಮಂಚದಗಲದ ಬಿಳಿ ಚಪ್ಪಡಿ. ಅದರ ಕೆಳಗೆ ಮಲಗಿರುವವನು ಕಪ್ತಾನ ಎಂದು ಊರು ಯಾವಾಗಲೋ ತೀರ್ಮಾನ ಮಾಡಿತ್ತು. ದೊಡ್ಡ ಮನೆಯಲ್ಲಿದ್ದವನು ದೊಡ್ಡ ಮನುಷ್ಯ. ಗೋರಿಗೂ ಅದೇ ಲೆಕ್ಕ.

ಕಪ್ತಾನನನ್ನು ಕಂಡವರು ಬಹಳ. ಅವನು ಪ್ರತಿಯೊಬ್ಬರಿಗೂ ಅವರವರ ಅನುಕೂಲ ನೋಡಿಕೊಂಡೇ ಕಾಣಿಸಿದ್ದ. ತರಕಾರಿ ಬೆಳೆಯುವ ಗೌಡರ ಹತ್ತಿರ ಬೀಡಿ ಕೇಳಿದ್ದ. ಕಿರಾಣಿ ಅಂಗಡಿಯ ಪೈಗಳಿಗೆ ಕೊಂಕಣಿಯಲ್ಲೇ ಅಕ್ಕಿಯ ದರ ವಿಚಾರಿಸಿದ್ದ. ಹಳೇ ಬಾಗಿಲು, ಕಂಬ ಕೊಳ್ಳಲು ಭಟ್ಕಳದ ಕಡೆಯಿಂದ ಬಂದಿದ್ದ ವ್ಯಾಪಾರಿಯೊಬ್ಬನಿಗೆ ಉರ್ದುವಿನಲ್ಲಿ ಸಲಾಮು ಹೇಳಿ, ಮಳೆ ಬರುವ ಹಾಗಿದೆ, ಬೇಗ ಹೊರಡಿ ಎಂದಿದ್ದನಂತೆ. ಮಂಗಲಾಳ ಅತ್ತೆ ಮೀನಿನ ಬುಟ್ಟಿ ಹೊತ್ತು ಆ ದಾರಿಯಲ್ಲಿ ಬರುವಾಗ ಬಂಗಡೆಗೆ ಚೌಕಾಶಿ ಮಾಡಿದ್ದ. ಬದುಕಿದ್ದಾಗ ಊರಿನ ಒಂದು ಮಾತೂ ಬಾರದಿದ್ದವನು ಸತ್ತ ಮೇಲೆ ಇಷ್ಟೆಲ್ಲ ಭಾಷೆ ಕಲಿತದ್ದನ್ನು ಯಾರೂ ಮೆಚ್ಚಲಿಲ್ಲ. ಎಲ್ಲರೂ ಹೆದರಿದರು, ಅಷ್ಟೇ.

ಮಾಜಿ ಸೈನಿಕ ಬಿಟ್ಟುಹೋದ ಮೇಲೆ ಪುರಾತತ್ವ ಇಲಾಖೆಯವರಿಗೆ ಜನವೇ ಸಿಗಲಿಲ್ಲ. ಆಗ ಬಂದವಳು ಮಂಗಲಾ. ಶರಾವತಿಯ ಅಳಿವೆಯ ಮಾವಿನಕುರ್ವೆಯಲ್ಲಿ ಹುಟ್ಟಿ, ದಿಬ್ಬದ ಬುಡದ ಊರಿಗೆ ಮದುವೆಯಾಗಿ ಬಂದವಳು. ಗಂಡ ಗಣೇಶ ಬೋಟಿನ ಕೆಲಸಕ್ಕೆ ಹೋಗುತ್ತಿದ್ದ, ವಾರಕ್ಕೊಮ್ಮೆ ಮನೆ ಕಾಣುತ್ತಿದ್ದ. ಒಬ್ಬ ಮಗ, ಆಗ ಇನ್ನೂ ಶಾಲೆಗೆ ಹೋಗುತ್ತಿದ್ದ. ಮಂಗಲಾಳದು ಬಾಯಿ ಜೋರು, ಕೆಲಸ ಚುರುಕು. ಮಧ್ಯಾಹ್ನದ ನಿದ್ದೆ ಮಾತ್ರ ತಪ್ಪಬಾರದು.

"ಭೂತದ ಹೆದರಿಕೆ ಉಂಟಾ ನಿಮಗೆ?" ಎಂದು ಇಲಾಖೆಯ ಸಾಹೇಬರು ಕೇಳಿದರು.

"ಕೆಲ್ಸ ಹಗಲಿಗೋ ರಾತ್ರೆಗೋ?" ಎಂದಳು ಮಂಗಲಾ.

"ಇನ್ನು ಮೇಲೆ ಹಗಲಿಗೆ ಮಾತ್ರ."

"ಹಂಗಾದ್ರೆ ಎಂತ ತೊಂದ್ರೆ ಇಲ್ಲ. ಅದರ ಪಾಳಿ ಬೇರೆ, ನನ್ನ ಪಾಳಿ ಬೇರೆ."

ಹೀಗೆ ಮಂಗಲಾ ದಿಬ್ಬದ ಕಾವಲುಗಾರ್ತಿಯಾದಳು. ಬೆಳಿಗ್ಗೆ ಗೇಟು ತೆಗೆಯುವುದು, ಗೇರೆಲೆ ಗುಡಿಸುವುದು, ಸಂಜೆ ಗೇಟು ಹಾಕುವುದು. ನಡುವೆ ಮಾಡಲು ಏನೂ ಇರಲಿಲ್ಲ. ಕಪ್ತಾನನ ಚಪ್ಪಡಿಯ ಮೇಲೆ ಬಿಸಿಲು ಸಂಜೆಯವರೆಗೂ ಬೀಳುವುದನ್ನು ಅವಳು ಮೊದಲ ವಾರದಲ್ಲೇ ಗಮನಿಸಿದಳು. ಆ ಬೇಸಿಗೆಯಲ್ಲಿ ಅದರ ಮೇಲೆ ಹಪ್ಪಳ ಒಣಗಿತು. ಮುಂದಿನ ಬೇಸಿಗೆಯಿಂದ ಮುರುಗಲು.

ಮುರುಗಲ ಹುಳಿಹಣ್ಣನ್ನು ಒಡೆದು, ಬೀಜ ತೆಗೆದು, ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಅದ್ದಿ ಒಣಗಿಸಬೇಕು. ಅದಕ್ಕೆ ನುಣುಪಾದ, ಬಿಸಿಯಾದ, ನಾಯಿ ಕೋಳಿ ಹತ್ತದ ಜಾಗ ಬೇಕು. ಭೂತ ಇರುವ ಕಡೆ ಮನುಷ್ಯರೂ ಹತ್ತುವುದಿಲ್ಲ. ಹತ್ತಿದವರನ್ನು ಮಂಗಲಾ ತನ್ನ ರೀತಿಯಲ್ಲಿ ಇಳಿಸುತ್ತಿದ್ದಳು. ಬಾಟಲಿ ಹಿಡಿದು ಬಂದ ಹುಡುಗರಿಗೆ, "ಹೋದ ವರ್ಷ ಇಲ್ಲೇ ಕೂತು ಕುಡ್ದಿದ್ನಲ್ಲ, ಆ ಹುಡ್ಗ ಈಗ ಎದ್ದು ಓಡಾಡ್ತ್ನಾ?" ಎಂದು ಕಾಳಜಿಯಿಂದ ವಿಚಾರಿಸುತ್ತಿದ್ದಳು. ಯಾವ ಹುಡುಗ ಎಂದು ಅವರು ಕೇಳುತ್ತಿರಲಿಲ್ಲ. ಹೀಗೆ ಊರಿನ ಕತೆಗಳ ಜೊತೆಗೆ ಅವಳ ಕತೆಗಳೂ ಸೇರಿದವು. ಕಪ್ತಾನನಿಗೆ ದೊಡ್ಡ ಮೀಸೆ ಕೊಟ್ಟವಳು ಅವಳೇ, ಮಂಡಿ ನೋವು ಕೊಟ್ಟವಳೂ ಅವಳೇ. ಗುಡಿಸುವಾಗ ಚಪ್ಪಡಿಯ ಮೇಲೆ ಪೊರಕೆ ಕುಟ್ಟಿ "ಅಜ್ಜ, ಸ್ವಲ್ಪ ಸರೀ" ಎನ್ನುತ್ತಿದ್ದಳು. ಸಿಪ್ಪೆ ಹರವುವಾಗಲೂ ಅಜ್ಜನ ಅನುಮತಿ ಕೇಳುತ್ತಿದ್ದಳು. ಬೇಡ ಎಂದು ಅಜ್ಜ ಒಮ್ಮೆಯೂ ಹೇಳಿರಲಿಲ್ಲ.

ಹೀಗೆ ವರ್ಷಗಳು ಹೋದವು. ಮಗ ದೊಡ್ಡವನಾಗಿ ಭಟ್ಕಳದ ಪಕ್ಕದ ಜಾಲಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಸೇರಿದ. ಎರಡು ವರ್ಷದ ಹಿಂದಿನ ಏಪ್ರಿಲ್ಲಿನಲ್ಲಿ, ಮಂಗಲಾ ಊಟಕ್ಕೆಂದು ಮನೆಗೆ ಹೋಗಿ ಅಲ್ಲೇ ಒಂದು ನಿದ್ದೆ ತೆಗೆಯುತ್ತಿದ್ದಾಗ, ದಿವಾಕರ ಎಂಬವನು ದಿಬ್ಬ ಹತ್ತಿದ. ಕುಮಟೆಯವನು. ಯೂಟ್ಯೂಬಿನಲ್ಲಿ ಕರಾವಳಿಯ ರಹಸ್ಯಗಳನ್ನು ಬಯಲು ಮಾಡುತ್ತಿದ್ದ. ಅಲ್ಲಿಯವರೆಗೆ ಬಯಲಾದ ರಹಸ್ಯಗಳನ್ನು ಅವನ ಮನೆಯವರು ಮಾತ್ರ ನೋಡಿದ್ದರು. ಅವತ್ತು ಅವನ ಅದೃಷ್ಟ ಖುಲಾಯಿಸಿತು. ಬೆಳಿಗ್ಗೆ ಹರವಿದ್ದ ಸಿಪ್ಪೆಯನ್ನು ಇನ್ನೊಮ್ಮೆ ಅದ್ದಲೆಂದು ಮಂಗಲಾ ಬುಟ್ಟಿಗೆ ತುಂಬಿ ಮರದ ಬುಡಕ್ಕಿಟ್ಟಿದ್ದಳು. ಚಪ್ಪಡಿಯ ಮೇಲೆ ರಸ ಮಾತ್ರ ಉಳಿದು, ಅಂಚಿನಿಂದ ಕೆಂಪಗೆ, ದಪ್ಪಗೆ ಕೆಳಗಿಳಿಯುತ್ತಿತ್ತು.

ರಕ್ತ ಸುರಿಸುವ ಗೋರಿಯನ್ನು ಸಂಜೆಯೊಳಗೆ ಜಿಲ್ಲೆಯೇ ನೋಡಿತು. ಮರುದಿನ ಬೆಳಿಗ್ಗೆ ಮಂಗಲಾ ಗೇಟಿಗೆ ಬಂದರೆ ಅಲ್ಲಿ ಬೈಕು, ಕಾರು, ಒಂದು ಮಿನಿಬಸ್ಸು.

"ಎಂತ ಆತು? ಯಾರು ತೀರಿಕೊಂಡ್ರು?" ಎಂದು ಅವಳು ಗಾಬರಿಯಿಂದ ಕೇಳಿದಳು.

ಕಪ್ತಾನ ರಕ್ತ ಕಾರುತ್ತಿದ್ದಾನೆ ಎಂದರು. ಮಂಗಲಾ ನಕ್ಕುಬಿಟ್ಟಳು. ಬುಟ್ಟಿ ತಂದು ತೋರಿಸಿದಳು. "ಇದು ಮುರುಗಲು ಮಾರಾಯ್ರೇ. ನಿಮ್ಮ ಮನೇಲಿ ಪಾನಕ ಮಾಡೋದಿಲ್ವಾ? ನೆಕ್ಕಿ ನೋಡಿ."

ಕಾರವಾರದ ಕಡೆಯಿಂದ ಬಂದಿದ್ದ ಒಬ್ಬ ಧೈರ್ಯವಂತ ಬೆರಳಿಗೆ ಹಚ್ಚಿ ನೆಕ್ಕಿ ನೋಡಿದ. ಮುಖ ಕಿವುಚಿದ. "ಹುಳಿ ಇದೆ," ಎಂದ ನಿಜವನ್ನೇ. ಹಿಂದಿನಿಂದ ಯಾರೋ, "ಇನ್ನೂರು ವರ್ಷದ ರಕ್ತ, ಹುಳಿ ಆಗದೆ ಇರ್ತದಾ?" ಎಂದರು. ಎಲ್ಲರಿಗೂ ಅದು ಸರಿಯೆನಿಸಿತು.

ಆ ಹೊತ್ತಿಗೆ ಶ್ರೀಧರ ಹೆಗಡೆಯವರು ಬಂದರು. ತೋಟದ ಮನೆತನದವರು, ವಿಮೆ ಕಚೇರಿಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದವರು. ಬದುಕಿದ್ದವರಿಗೆ ಸಾವಿನ ಬಗ್ಗೆ ತಿಳಿಹೇಳುವುದರಲ್ಲಿ ಇಡೀ ಆಯುಷ್ಯ ಕಳೆದವರು. ದಿಬ್ಬದ ಬುಡದಲ್ಲಿ ಅವರದೊಂದು ಬೋಳು ಜಾಗವಿತ್ತು. ಅದರಲ್ಲಿ ಹೋಂಸ್ಟೇ ಕಟ್ಟಿಸಿದ್ದರು. ಕಟ್ಟಿಸಿದಂದಿನಿಂದ ಅದರಲ್ಲಿ ತಂಗಿದವರು ಅವರ ಬೀಗರು ಮಾತ್ರ. ಅವರು ಜನವನ್ನು ನೋಡಿದರು, ಕೆಂಪು ರಸವನ್ನು ನೋಡಿದರು, ಮಂಗಲಾಳನ್ನು ಬದಿಗೆ ಕರೆದರು.

"ಮಂಗಲಾ, ನೀನು ಸ್ವಲ್ಪ ಸುಮ್ನಿರು."

"ಸುಳ್ಳು ಹೇಳ್ತಾ ಇದ್ರಲ್ಲ ಹೆಗಡೇರೇ. ಇದು ಮುರುಗಲು."

"ಮುರುಗಲು ಅಂತ ನಂಗೂ ಗೊತ್ತಿದ್ದು. ಆದ್ರೆ ಮುರುಗಲು ನೋಡೂಲೆ ಯಾರಾದ್ರೂ ಹುಬ್ಬಳ್ಳಿಯಿಂದ ಬತ್ವಾ?" ಅಷ್ಟರಲ್ಲಿ ಅವರ ಫೋನು ಹೊಡೆದುಕೊಂಡಿತು. ಮನೆಯವರ ಫೋನು. "ಈಗ ಬತ್ತೆ, ಇಲ್ಲಿ ಸಾರ್ವಜನಿಕ ಕೆಲಸ ಇದ್ದು," ಎಂದು ಇಟ್ಟರು.

ಆ ವಾರದಲ್ಲೇ ದಂಡಿನ ದಿಬ್ಬ ಅಭಿವೃದ್ಧಿ ಸಮಿತಿ ಹುಟ್ಟಿತು. ಹೆಗಡೆಯವರೇ ಅಧ್ಯಕ್ಷರು. ಮಂಗಲಾ ಮಾತ್ರ ಸುಮ್ಮನಿರಲಿಲ್ಲ. ಬಂದ ಪ್ರತಿಯೊಬ್ಬರಿಗೂ ಬುಟ್ಟಿ ತೋರಿಸುತ್ತಿದ್ದಳು. ಅವಳಿಗೆ ಸತ್ಯದ ಮೇಲೆ ಅಂಥ ಮೋಹವೇನೂ ಇರಲಿಲ್ಲ. ಜನ ಬಂದದ್ದರಿಂದ ಸಿಪ್ಪೆ ಹರವಲು ಜಾಗವಿಲ್ಲದಾಗಿತ್ತು, ನಿದ್ದೆ ತಪ್ಪಿತ್ತು. ತಾನು ಹೇಳಿದ ಸುಳ್ಳುಗಳಿಂದ ಜನ ದೂರ ಇರುತ್ತಿದ್ದರು. ಈ ಹೊಸ ಸುಳ್ಳು ಜನರನ್ನು ಕರೆತರುತ್ತಿತ್ತು. ಅದೇ ಅವಳ ತಕರಾರು.

ಸುದ್ದಿ ಇಲಾಖೆಗೂ ಮುಟ್ಟಿತು. ಹಳೇ ಕಲ್ಲುಗಳ ದುರಸ್ತಿ ಕಲಿತ ಪ್ರಿಯಂವದಾ ಎಂಬ ಹೆಂಗಸನ್ನು ಧಾರವಾಡದಿಂದ ಕಳಿಸಿದರು. ಅವಳು ಚಪ್ಪಡಿಯ ಮೇಲೆ ಬೆರಳಾಡಿಸಿದಳು, ಮೂಸಿದಳು, ಮಂಗಲಾಳ ಬುಟ್ಟಿಯನ್ನೂ ನೋಡಿದಳು. ಅಂತೂ ತನ್ನನ್ನು ನಂಬುವವರು ಒಬ್ಬರು ಬಂದರು ಎಂದು ಮಂಗಲಾಳಿಗೆ ಖುಷಿಯಾಯಿತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ.

"ಎಷ್ಟು ವರ್ಷದಿಂದ ಇದರ ಮೇಲೆ ಒಣಗಿಸ್ತಾ ಇದ್ದೀರಿ?" ಎಂದು ಪ್ರಿಯಂವದಾ ಕೇಳಿದಳು.

"ನಾನು ಬಂದಾಗಿಂದ್ಲೂ. ಅಜ್ಜಂಗೆ ಎಂತ ಬೇಜಾರಿಲ್ಲ ಮೇಡಂ."

"ಕಲ್ಲಿಗೆ ಬೇಜಾರಿದೆ. ಈ ಜಾತಿಯ ಕಲ್ಲನ್ನು ಹುಳಿ ತಿನ್ನುತ್ತದೆ. ನೀವು ಬಂದಾಗ ಇಲ್ಲಿ ಅಕ್ಷರ ಇತ್ತಾ?"

ಇತ್ತು. ಮಂಗಲಾಳಿಗೆ ನೆನಪಿತ್ತು. ಮೊದಲ ವರ್ಷ ಸಿಪ್ಪೆಯ ತುಣುಕುಗಳು ಅಕ್ಷರಗಳ ಗುಳಿಯಲ್ಲಿ ಸಿಕ್ಕಿಕೊಂಡು, ಕಡ್ಡಿಯಿಂದ ಕೀಳಬೇಕಾಗುತ್ತಿತ್ತು. ವರ್ಷ ಹೋದ ಹಾಗೆ ಚಪ್ಪಡಿ ನುಣುಪಾಗುತ್ತ ಬಂತು. ಒಳ್ಳೆಯದಾಯಿತು ಎಂದೇ ಅವಳು ಅಂದುಕೊಂಡಿದ್ದಳು.

ಪ್ರಿಯಂವದಾ ಬೈಯಲಿಲ್ಲ. ಒಂದು ಕನ್ನಡಿ ಹಿಡಿದು ಬಿಸಿಲನ್ನು ಕಲ್ಲಿನ ಮೇಲೆ ಅಡ್ಡಡ್ಡಲಾಗಿ ಬೀಳಿಸಿ, ಮಂಡಿಯೂರಿ ತುಂಬ ಹೊತ್ತು ನೋಡಿದಳು. ಮಂಗಲಾ ಕೊಡೆ ಹಿಡಿದು ಪಕ್ಕದಲ್ಲಿ ನಿಂತಿದ್ದಳು.

"ಹೆಸರು ಹೋಗಿದೆ," ಎಂದಳು ಪ್ರಿಯಂವದಾ ಕೊನೆಗೆ. "ಕೆಳಗಿನ ಸಾಲು ಸ್ವಲ್ಪ ಉಳಿದಿದೆ. ಜ್ವರದಿಂದ ತೀರಿಕೊಂಡ ಅಂತ ಇದೆ. ವಯಸ್ಸು ಹತ್ತೊಂಬತ್ತು."

"ಯಾರಿಗೆ ಹತ್ತೊಂಬತ್ತು?"

"ಇವನಿಗೆ."

"ಕಪ್ತಾನ ಅಲ್ದಾ ಇವ?"

"ಹತ್ತೊಂಬತ್ತಕ್ಕೆ ಯಾರು ಕಪ್ತಾನ ಮಾಡ್ತಾರೆ? ಹೊಸದಾಗಿ ಹಡಗಿನಲ್ಲಿ ಬಂದ ಹುಡುಗ ಇರಬೇಕು. ಇಂಥವರು ಯುದ್ಧದಲ್ಲಿ ಸತ್ತದ್ದು ಕಡಿಮೆ. ನಿಮ್ಮ ಮಳೆಗಾಲ, ನಿಮ್ಮ ಸೊಳ್ಳೆ."

ಮಂಗಲಾ ಕೊಡೆ ಮಡಚಿ ಕಟ್ಟೆಯ ಕೆಳಗೆ ಕೂತಳು. ಜಾಲಿಯಲ್ಲಿದ್ದ ಅವಳ ಮಗನಿಗೂ ಸುಮಾರು ಅಷ್ಟೇ ವಯಸ್ಸು. ಹಿಂದಿನ ಮಳೆಗಾಲದಲ್ಲಿ ಅವನಿಗೆ ಡೆಂಗಿ ಬಂದು, ಅವಳು ಆಸ್ಪತ್ರೆಯಲ್ಲಿ ಅವನ ಕಾಲ ಬುಡದಲ್ಲೇ ಕೂತು ರಾತ್ರಿ ಕಳೆದಿದ್ದಳು. ಇವನ ಕಾಲ ಬುಡದಲ್ಲಿ ಯಾರು ಕೂತಿದ್ದರೋ. ಕೂಸನ್ನು ಅಜ್ಜ, ಅಜ್ಜ ಎಂದು ಕರೆದು, ಪೊರಕೆ ಕುಟ್ಟಿ, ಕಡೆಗೆ ಅವನ ಹೆಸರನ್ನೂ ತೊಳೆದುಹಾಕಿದೆನಲ್ಲ ಎಂದುಕೊಂಡಳು. ಆ ದಿನ ಅವಳು ಸಿಪ್ಪೆಯ ಬುಟ್ಟಿಯನ್ನು ಮನೆಗೆ ಒಯ್ದಳು. ಮತ್ತೆ ದಿಬ್ಬಕ್ಕೆ ತರಲಿಲ್ಲ.

ಕಲ್ಲಿನಲ್ಲಿ ಉಳಿದದ್ದನ್ನು ಪ್ರಿಯಂವದಾ ಸಮಿತಿಗೂ ತಿಳಿಸಿದಳು. ಹೆಗಡೆಯವರು ವಿಚಲಿತರಾದರು.

"ಹತ್ತೊಂಬತ್ತು ಅಂದ್ರೆ ಆಗ್ತಿಲ್ಲೆ. ಜ್ವರ ಅಂದ್ರೆ ಅದೂ ಆಗ್ತಿಲ್ಲೆ," ಎಂದರು ಅವರು. "ಜ್ವರಕ್ಕೆ ಸತ್ತವಂಗೆ ಯಾರು ಹರಕೆ ಹೊರ್ತ? ಕತ್ತಿ ಹಿಡ್ದು ಸಾಯಕ್ಕು, ಇಲ್ಲವಾ ಮೋಸದಿಂದ ಸಾಯಕ್ಕು. ಮೇಡಂ, ಈ ವಿಷಯ ಸಂಶೋಧನೆಗೆ ಇರಲಿ, ಜನಕ್ಕೆ ಬೇಡ."

ಮುರುಗಲಿನ ಕಾಲ ಮುಗಿದಿತ್ತು. ರಕ್ತ ನಿಂತುಹೋಗಿತ್ತು. ಜನ ಕಡಿಮೆಯಾಗುವ ಮೊದಲೇ ಏನಾದರೂ ಆಗಬೇಕಿತ್ತು. ದಿಬ್ಬದಲ್ಲಿರುವುದು ಬರೀ ಭೂತವಲ್ಲ, ಊರು ಕಾಯುವ ಶಕ್ತಿ ಎಂದು ಹೆಗಡೆಯವರು ಕಂಡುಕೊಂಡರು. ನಮ್ಮ ಕಡೆ ಊರ ಗಡಿಯಲ್ಲಿ ಜಟಗನ ಕಲ್ಲುಗಳಿರುತ್ತವೆ, ಹಿಂದೆ ಹೋರಾಡಿ ಸತ್ತ ವೀರರು ದೈವವಾಗಿ ನಿಂತದ್ದು. ಕಪ್ತಾನನೂ ಅಂಥವನೇ ಎಂದಾಯಿತು, ಅವನನ್ನು ದೊರೆ ಎಂದು ಕರೆದದ್ದೂ ಆಯಿತು. ದೈವ ಅಂದ ಮೇಲೆ ಅದು ಯಾರದಾದರೂ ಮೈಮೇಲೆ ಬಂದು ಮಾತಾಡಬೇಕು. ಆ ಕೆಲಸಕ್ಕೆ ಊರಲ್ಲಿ ಇದ್ದವನು ಶನಿಯಾರ ಗೌಡ.

ಶನಿಯಾರ ಬಡಪಾಯಿ, ಒಳ್ಳೆಯವನು. ಬಸಳೆ, ಹರಿವೆ ಬೆಳೆದು ಹೊನ್ನಾವರದ ಸಂತೆಯಲ್ಲಿ ಮಾರುವವನು. ವರ್ಷಕ್ಕೊಮ್ಮೆ ಊರ ಜಟಗ ಅವನ ಮೈಮೇಲೆ ಬರುತ್ತಿತ್ತು. ಎರಡು ಮಾತಾಡಿ ಹೋಗುತ್ತಿತ್ತು. ಅವನ ಬಸಳೆ ಚಪ್ಪರಕ್ಕೆ ನೀರು ಬರುತ್ತಿದ್ದದ್ದು ಹೆಗಡೆಯವರ ಬಾವಿಯಿಂದ.

"ದೊರೆ ಮೂರೇ ಮಾತು ಹೇಳಿದ್ರೆ ಸಾಕು," ಎಂದು ಹೆಗಡೆಯವರು ಅವನಿಗೆ ತಿಳಿಸಿದ್ದರು. "ಒಂದು, ತನಗೆ ತಲೆ ಮೇಲೆ ಮಾಡು ಬೇಕು. ಎರಡು, ಮೇಲಿನವರೆಗೆ ರಸ್ತೆ ಬೇಕು. ಮೂರು, ಈ ಕಾವಲಿನವಳು ಇಲ್ಲಿ ಇರಬಾರದು."

"ಮಂಗಲಕ್ಕ ಎಂತ ಮಾಡಿದ್ಳು ಒಡೆಯಾ?"

"ಅವಳು ಬಾಯಿ ಮುಚ್ಚೂದಿಲ್ಲ. ಅದೇ ಮಾಡಿದ್ದು."

ಶನಿಯಾರ ಬಸಳೆಯನ್ನು ನೆನೆದು, ಆತು ಎಂದ.

ಒಂದು ಭಾನುವಾರ ಬೆಳಿಗ್ಗೆ ಡೋಲು, ಜಾಗಟೆ ಎಲ್ಲ ದಿಬ್ಬ ಹತ್ತಿದವು. ದಿವಾಕರ ಮೂರು ಕಡೆ ಕ್ಯಾಮೆರಾ ಇಟ್ಟಿದ್ದ. ಮಂಗಲಾ ಗೇಟಿನ ಕೀಲಿ ಸೊಂಟಕ್ಕೆ ಸಿಕ್ಕಿಸಿ ಗೇರುಮರಕ್ಕೆ ಒರಗಿ ನಿಂತಿದ್ದಳು. ಶನಿಯಾರ ಮಿಂದು, ಒದ್ದೆ ಪಂಚೆಯಲ್ಲಿ, ಕೈಯಲ್ಲಿ ಅಡಕೆ ಹೂವಿನ ಸಿಂಗಾರ ಹಿಡಿದು ಗೋರಿಯ ಮುಂದೆ ನಿಂತ. ಡೋಲು ಏರಿತು. ಅವನು ನಡುಗತೊಡಗಿದ. ಹೆಗಡೆಯವರು ಕೈಮುಗಿದು ಮುಂದೆ ಬಂದರು.

"ಬಂದವ ಯಾರು? ಹೇಳ್ಬೇಕು."

"ನಾನು ದೊರೆ," ಎಂದ ಶನಿಯಾರ ದಪ್ಪ ದನಿಯಲ್ಲಿ. "ನಂಗೆ ಮಾಡು ಇಲ್ಲ. ಮಳೇಲಿ ನೆನೀತಾ ಇದ್ದೆ."

ಇಲ್ಲಿ ಒಂದು ತೊಡಕಾಯಿತು. ಕುಮಟೆಯಿಂದ ಬಂದಿದ್ದ ನಿವೃತ್ತ ಹೆಡ್‌ಮಾಸ್ತರರೊಬ್ಬರು ಎದ್ದುನಿಂತು, "ಇಂಗ್ಲೆಂಡಿನವ ಕನ್ನಡ ಮಾತಾಡೂದು ಹೇಗೆ?" ಎಂದು ಕೇಳಿದರು. ಸಭೆಯಲ್ಲಿ ಗುಜುಗುಜು ಶುರುವಾಯಿತು. ಇನ್ನೂರು ವರ್ಷ ಇಲ್ಲೇ ಬಿದ್ದುಕೊಂಡವನು ಕನ್ನಡ ಕಲಿಯದಿದ್ದರೆ ಊರಿಗೇ ಅವಮಾನ ಎಂದರು ಕೆಲವರು. ಬೆಂಗಳೂರಿನಲ್ಲಿ ಇಪ್ಪತ್ತು ವರ್ಷ ಇದ್ದವರೇ ಕಲಿತಿಲ್ಲ, ಇವನು ಸತ್ತವನು ಎಂದರು ಇನ್ನು ಕೆಲವರು. ಪೈಗಳು ಎದ್ದು, ತಮ್ಮ ಹತ್ತಿರ ಅವನು ಕೊಂಕಣಿ ಮಾತಾಡಿದ್ದಕ್ಕೆ ಸಾಕ್ಷಿಯಿದೆ ಎಂದರು. ಅಷ್ಟು ಹೊತ್ತೂ ಶನಿಯಾರ ನಡುಗುತ್ತಲೇ ಇರಬೇಕಾಯಿತು. ಕೊನೆಗೆ ಅವನಿಗೇ ಸಾಕಾಗಿ, "ಗುಡ್ ಮಾರ್ನಿಂಗ್" ಎಂದ. ಸಭೆ ತಣ್ಣಗಾಯಿತು.

ದೊರೆ ರಸ್ತೆಯನ್ನೂ ಕೇಳಿದ. ಆಮೇಲೆ ಸ್ವಲ್ಪ ತಡೆದು, ಕಣ್ಣು ಮುಚ್ಚಿಕೊಂಡು, "ಇಲ್ಲೊಬ್ಬಳು ಹೆಂಗಸು ಇದ್ದಾಳೆ. ನನ್ನ ಎದೆ ಮೇಲೆ ಹುಳಿ ಸುರ್ದಾಳೆ. ಅವಳು ಇರಬಾರ್ದು," ಎಂದ.

ಎಲ್ಲರೂ ಮಂಗಲಾಳ ಕಡೆ ತಿರುಗಿದರು. ಮಂಗಲಾ ಮರ ಬಿಟ್ಟು ಮುಂದೆ ಬಂದಳು. ಶನಿಯಾರನಿಗೆ ಯಾರು ಹೇಳಿಕೊಟ್ಟಿದ್ದಾರೆಂದು ಅವಳಿಗೆ ಆ ಕ್ಷಣದಲ್ಲೇ ಗೊತ್ತಾಗಿತ್ತು. ಕೋಪವೂ ಬಂದಿತ್ತು. ಎಲ್ಲರ ಮುಂದೆ ಅವನ ಬಣ್ಣ ಬಯಲು ಮಾಡಬೇಕೆಂದೇ ಹೊರಟಿದ್ದಳು.

"ಹುಳಿ ಸುರ್ದದ್ದು ಹೌದು," ಎಂದಳು. "ತಪ್ಪಾಯ್ತು. ನಿನ್ನ ಹೆಸರು ಅಳಿಸ್ಹೋಯ್ತು ಅಂತ ಮೇಡಂ ಹೇಳಿದ್ರು. ಅವ್ರಿಗೆ ಅದನ್ನ ಮತ್ತೆ ಕೆತ್ತಿಸ್ಬೇಕಂತೆ. ನಿನ್ನ ಹೆಸರು ಎಂತದು, ಹೇಳು."

ಹೆಗಡೆಯವರು ಕೆಮ್ಮಿದರು. ಈ ಪ್ರಶ್ನೆ ಯಾರೂ ನಿರೀಕ್ಷಿಸಿದ್ದಲ್ಲ. ಡೋಲಿನವನೂ ಕೈ ನಿಲ್ಲಿಸಿದ. ಶನಿಯಾರ ಒಂದು ಕಣ್ಣು ತೆರೆದ. ಅವನಿಗೆ ಗೊತ್ತಿದ್ದ ಇಂಗ್ಲಿಷ್ ಎಲ್ಲ ಆಗಲೇ ಖರ್ಚಾಗಿತ್ತು. ಜನ ಕಾಯುತ್ತಿದ್ದರು, ಮೂರು ಕ್ಯಾಮೆರಾ ಕಾಯುತ್ತಿದ್ದವು.

"ಪೆಟ್ರೋಮ್ಯಾಕ್ಸ್," ಎಂದ ಶನಿಯಾರ.

ಮಂಗಲಾ ಸುತ್ತ ನೋಡಿದಳು. ಈಗ ಜನ ನಗುತ್ತಾರೆ ಎಂದುಕೊಂಡಿದ್ದಳು. ಯಾರೂ ನಗಲಿಲ್ಲ. ಮುಂದಿನ ಸಾಲಿನ ಹೆಂಗಸರು ಕೈಮುಗಿದರು. "ಕ್ಯಾಪ್ಟನ್ ಪೆಟ್ರೋಮ್ಯಾಕ್ಸ್," ಎಂದು ಹೆಗಡೆಯವರು ಗಟ್ಟಿಯಾಗಿ ಹೇಳಿ, ಇಂಗ್ಲೆಂಡಿನಲ್ಲಿ ಅದು ಬಹಳ ದೊಡ್ಡ ಮನೆತನ ಎಂದು ಸೇರಿಸಿದರು. ಇಷ್ಟು ಹೊತ್ತು ಅನುಮಾನ ಪಡುತ್ತಿದ್ದ ಹೆಡ್‌ಮಾಸ್ತರರು ಕೂಡ ಮೆತ್ತಗಾಗಿ, ದೀಪ ಕಂಡುಹಿಡಿದದ್ದು ಇವನ ಅಣ್ಣನೋ ತಮ್ಮನೋ ಇರಬೇಕು ಎಂದರು. ಮದುವೆಮನೆಗಳಲ್ಲಿ ಗ್ಯಾಸ್‌ಲೈಟು ಹೊತ್ತು ಬೆಳೆದ ತಲೆಮಾರು ಅಲ್ಲೇ ಕೂತಿತ್ತು. ಅವರಿಗೂ ನಗು ಬರಲಿಲ್ಲ.

ಪ್ರಿಯಂವದಾ ಮಾತ್ರ ಗೇಟಿನ ಹತ್ತಿರ ಮುಖಕ್ಕೆ ಸೆರಗು ಮುಚ್ಚಿಕೊಂಡು ನಿಂತಿದ್ದಳು. ಅವಳು ಭಕ್ತಿಯಿಂದ ಅಳುತ್ತಿದ್ದಾಳೆ ಎಂದು ಜನ ಭಾವಿಸಿದರು.

ಮಂಗಲಾಳ ಕೋಪ ಇಳಿದುಹೋಯಿತು. ಇವರಿಗೆ ಏನು ಹೇಳಿಯೂ ಪ್ರಯೋಜನವಿಲ್ಲ ಎನಿಸಿತು. ಅವಳು ಚಪ್ಪಡಿಯ ಕಡೆ ನೋಡಿದಳು. ಅಲ್ಲಿ ಯಾವ ಹೆಸರೂ ಇರಲಿಲ್ಲ, ಈಗ ಒಂದು ದೀಪದ ಹೆಸರು ಅಂಟಿತ್ತು. ಶನಿಯಾರನ ಹತ್ತಿರ ಹೋಗಿ, ಎಲ್ಲರಿಗೂ ಕೇಳುವ ಹಾಗಲ್ಲ, ಅವನೊಬ್ಬನಿಗೇ ಕೇಳುವ ಹಾಗೆ, "ವಯಸ್ಸೆಷ್ಟು ಮಗಾ ನಿಂಗೆ? ಜ್ವರ ಬಂದಾಗ ಯಾರಿದ್ರು ಹತ್ರ?" ಎಂದು ಕೇಳಿದಳು.

ಅವಳು ಅದನ್ನು ಶನಿಯಾರನಿಗಲ್ಲ, ಗೋರಿಯೊಳಗಿನ ಹುಡುಗನಿಗೆ ಕೇಳಿದ್ದಳು. ಅದು ಅವನಿಗೂ ಗೊತ್ತಾಯಿತು. ಅವನ ನಡುಕ ನಿಂತಿತು. ಸಿಂಗಾರ ಕೈಯಲ್ಲೇ ಇತ್ತು. ದಪ್ಪ ದನಿ ಬಿಟ್ಟು ತೆಳ್ಳಗಿನ ದನಿಯಲ್ಲಿ, "ಯಾರೂ ಇರ್ಲಿಲ್ಲ. ಇವಳು ಇಲ್ಲೇ ಇರ್ಲಿ. ನಂಗೆ ಅಬ್ಬೆ ಬೇಕು," ಎಂದ. ಹಾಗೆಂದು ಕಟ್ಟೆಗೆ ಒರಗಿ ಕುಸಿದು ಕೂತ.

ಆಮೇಲೆ ಮಂಗಲಾ ಅವನನ್ನು ಎಷ್ಟೋ ಸಲ ಕೇಳಿದ್ದಾಳೆ, ಅವತ್ತು ಹಾಗೆ ಹೇಳಿದ್ದು ನೀನೋ ಅವನೋ ಎಂದು. ಪೆಟ್ರೋಮ್ಯಾಕ್ಸ್ ತನ್ನದೇ ಎಂದು ಶನಿಯಾರ ಒಪ್ಪುತ್ತಾನೆ, ಬೇರೆ ಏನೂ ಬಾಯಿಗೆ ಬರಲಿಲ್ಲ ಎನ್ನುತ್ತಾನೆ. ಅದರ ಮುಂದಿನದು ಗೊತ್ತಿಲ್ಲ ಎನ್ನುತ್ತಾನೆ. ಬಸಳೆಗೆ ನೀರು ನಿಂತುಹೋಗುವ ಮಾತನ್ನು ಯಾರೂ ಬೇಕೆಂದು ಆಡುವುದಿಲ್ಲ ಎಂದು ಈ ಕತೆ ಹೇಳುತ್ತಿರುವ ನನಗೂ ಅನಿಸಿದೆ. ಆದರೆ ನೀರೇನೂ ನಿಲ್ಲಲಿಲ್ಲ. ದೈವ ಹೇಳಿದ ಮೇಲೆ ಅದು ಮೈಮೇಲೆ ಬರುವ ಪಾತ್ರಿಯ ನೀರು ನಿಲ್ಲಿಸಲು ಹೆಗಡೆಯವರಿಗೆ ಧೈರ್ಯ ಬರಲಿಲ್ಲ. ತಾವೇ ಹುಟ್ಟಿಸಿದ ದೈವವಾದರೂ ಅದು ಈಗ ಊರಿನದು.

ಮಂಗಲಾಳನ್ನು ತೆಗೆಯುವ ಮಾತು ಅಲ್ಲಿಗೆ ಮುಗಿಯಿತು. ಅವಳ ತೊಂದರೆ ಹೆಚ್ಚಾಯಿತು ಅಷ್ಟೇ. ಅವಳು ದೊರೆಯ ಅಬ್ಬೆ, ತಾಯಿ ಎಂದು ಮಿನಿಬಸ್ಸಿನಲ್ಲಿ ಬಂದವರು ಪೊರಕೆ ಹಿಡಿದ ಅವಳ ಕಾಲಿಗೆ ಬೀಳತೊಡಗಿದರು. ಬೋಟಿನಿಂದ ಬಂದ ಗಣೇಶ, ಹೆಂಡತಿಯನ್ನು ಕರೆಯಲು ಹೋಗಿ, ಚಪ್ಪಲಿ ಬಿಟ್ಟು ಬಾ ಎಂದು ಭಕ್ತರಿಂದ ಅನ್ನಿಸಿಕೊಂಡ. ಹೋಂಸ್ಟೇ ತುಂಬಿತು. ತಗಡಿನ ಮಾಡು ಆಯಿತು. ಗೋರಿಗೆ ತಾಗಿಸಬಾರದೆಂದು ಪ್ರಿಯಂವದಾ ಜಗಳವಾಡಿ ಅದನ್ನು ನಾಲ್ಕು ಮಾರು ದೂರದಲ್ಲಿ ಹಾಕಿಸಿದಳು. ಹಾಗಾಗಿ ದೊರೆ ಈಗಲೂ ಮಳೆಯಲ್ಲೇ ಇದ್ದಾನೆ, ಭಕ್ತರು ಮಾಡಿನ ಕೆಳಗೆ ನಿಂತು ಕೈಮುಗಿಯುತ್ತಾರೆ.

ಹರಕೆಯವರು ಮೊದಮೊದಲು ಬ್ರಾಂದಿ, ಸಿಗರೇಟು, ಬ್ರೆಡ್ಡು ತರುತ್ತಿದ್ದರು. ಇಂಗ್ಲಿಷರಿಗೆ ಇನ್ನೇನು ಬೇಕು ಎಂಬುದು ಅವರ ಲೆಕ್ಕ. ಬ್ರಾಂದಿ ಸಂಜೆಯೊಳಗೆ ಖಾಲಿಯಾಗುತ್ತಿತ್ತು. ಯಾರು ಖಾಲಿ ಮಾಡುತ್ತಿದ್ದರೆಂದು ಸಮಿತಿ ವಿಚಾರಿಸಲಿಲ್ಲ. ಒಂದು ದಿನ ಮಂಗಲಾ ಬಾಟಲಿಗಳನ್ನೆಲ್ಲ ಗೇಟಿನ ಹೊರಗಿಟ್ಟು ಅಡ್ಡ ನಿಂತಳು.

"ಜ್ವರ ಬಂದ ಹುಡ್ಗಂಗೆ ಬ್ರಾಂದಿ ಕುಡಿಸ್ತ್ರಾ? ನಿಮ್ಮ ಮಕ್ಕಳಿಗೆ ಹಂಗೇ ಮಾಡ್ತ್ರಾ?" ಎಂದು ಕೇಳಿದಳು.

"ಹಾಗಾದ್ರೆ ಎಂತ ತರೂದು ಅಬ್ಬೇ?" ಎಂದು ಭಕ್ತರು ಹೆದರಿ ಕೇಳಿದರು.

"ಗಂಜಿ ತನ್ನಿ. ತಿಳಿಗಂಜಿ, ಉಪ್ಪು ಹಾಕಿ."

ಅಬ್ಬೆಯ ಮಾತೆಂದರೆ ಮಾತು. ಅಂದಿನಿಂದ ದಂಡಿನ ದಿಬ್ಬಕ್ಕೆ ಗಂಜಿಯ ಹರಕೆ. ಸ್ಟೀಲಿನ ಡಬ್ಬಿಗಳಲ್ಲಿ, ಕೆಲವರು ಕಾರಿನಲ್ಲಿ ಫ್ಲಾಸ್ಕು ಇಟ್ಟುಕೊಂಡು ಸಹ ತರುತ್ತಾರೆ. ಗೋರಿಯ ಮುಂದೆ ಒಂದು ಗಳಿಗೆ ಇಟ್ಟು, ಆಮೇಲೆ ಹೆದ್ದಾರಿಯ ಕೆಲಸಕ್ಕೆ ಬಂದಿರುವ ಉತ್ತರ ಭಾರತದ ಹುಡುಗರಿಗೆ ಮಂಗಲಾ ಬಡಿಸುತ್ತಾಳೆ. ಎಲ್ಲ ಹತ್ತೊಂಬತ್ತು, ಇಪ್ಪತ್ತರವರು. ಅವರಿಗೆ ಕನ್ನಡ ಬಾರದು, ಅವಳಿಗೆ ಹಿಂದಿ ಬಾರದು. ಕುಡಿದು ಲೋಟ ತೊಳೆದಿಟ್ಟು ಹೋಗುತ್ತಾರೆ.

ಹೋದ ಮಳೆಗಾಲದಲ್ಲಿ ಶ್ರೀಧರ ಹೆಗಡೆಯವರಿಗೆ ಕೆಟ್ಟ ಜ್ವರ ಹಿಡಿಯಿತು. ಹೊನ್ನಾವರದ ಡಾಕ್ಟರ ಮಾತ್ರೆಗಳು ಕೆಲಸ ಮಾಡುತ್ತಿದ್ದವು, ಆದರೆ ಹೊಟ್ಟೆಯಲ್ಲಿ ಏನೂ ನಿಲ್ಲುತ್ತಿರಲಿಲ್ಲ. ಅವರ ಹೆಂಡತಿ ಮಹಾಲಕ್ಷ್ಮಿಯಮ್ಮ ಒಂದು ಬೆಳಿಗ್ಗೆ ಶನಿಯಾರನನ್ನು ದಿಬ್ಬಕ್ಕೆ ಕಳಿಸಿದರು. ದೊರೆಯ ಮುಂದಿಟ್ಟ ಗಂಜಿಯೇ ಬೇಕಂತೆ, ಮಂಗಲಾ ಕಾಯಿಸಿದ್ದಾದರೆ ಇನ್ನೂ ಒಳ್ಳೆಯದಂತೆ.

"ಅವ್ರ ಮನೇಲಿ ಅಕ್ಕಿ ಇಲ್ವಾ?" ಎಂದಳು ಮಂಗಲಾ. "ಅಂಬಿಗರ ಕೈಯಿನ ಗಂಜಿ ಆ ಮನೆ ಹೊಸಿಲು ದಾಟ್ತದ್ಯಾ?"

"ನಾನೂ ಅದನ್ನೇ ಕೇಳ್ದೆ," ಎಂದ ಶನಿಯಾರ. "ಪ್ರಸಾದಕ್ಕೆ ಮೈಲಿಗೆ ಇಲ್ಲೆ ಅಂದ್ರು ಅಮ್ಮ."

ಮಂಗಲಾ ಒಲೆ ಹೊತ್ತಿಸಿ ಹೊಸದಾಗಿ ಗಂಜಿಯಿಟ್ಟಳು. ಹೆಗಡೆಯವರಿಗೆ ರಕ್ತದೊತ್ತಡವಿರುವುದು ಅವಳಿಗೆ ಗೊತ್ತಿತ್ತು, ಉಪ್ಪು ಕಡಿಮೆ ಹಾಕಿದಳು. ಚೆಲ್ಲದಂತೆ ಡಬ್ಬಿಗೆ ಬಟ್ಟೆ ಸುತ್ತಿ ಶನಿಯಾರನ ಕೈಗೆ ಕೊಟ್ಟು, ಬಿಸಿಯಿದ್ದಾಗಲೇ ಕುಡಿಸಲಿಕ್ಕೆ ಹೇಳು ಎಂದಳು. ಹೆಗಡೆಯವರು ಕುಡಿದರು, ಅದು ನಿಂತಿತು, ವಾರದಲ್ಲಿ ಎದ್ದು ಓಡಾಡಿದರು. ಈಗ ಹೋಂಸ್ಟೇಗೆ ಬಂದವರನ್ನು ಜಗಲಿಯಲ್ಲಿ ಕೂರಿಸಿಕೊಂಡು, ಡಾಕ್ಟರು ಕೈಬಿಟ್ಟಿದ್ದ ತಮ್ಮನ್ನು ಕ್ಯಾಪ್ಟನ್ ಪೆಟ್ರೋಮ್ಯಾಕ್ಸ್ ದೊರೆ ಹೇಗೆ ಎಬ್ಬಿಸಿದ ಎಂಬುದನ್ನು ವಿವರವಾಗಿ ಹೇಳುತ್ತಾರೆ. ಹೇಳುವಾಗ ಅವರ ಕಣ್ಣಲ್ಲಿ ನೀರು ಬರುತ್ತದೆ. ನಾನು ಎದುರಿಗೇ ಕೂತು ನೋಡಿದ್ದೇನೆ, ಅದರಲ್ಲಿ ನಾಟಕವಿಲ್ಲ.